ಮಡಕೆಯ ನೀರೂ ಬೇಸಗೆಯ ಓಟವೂ



ಈ ವರ್ಷದ ಜನವರಿಯಲ್ಲಿ ಮುಂಬಯಿಗೆ ಹೋಗಿ ಪೂರ್ಣ ಮ್ಯಾರಥಾನ್, ಎಂದರೆ 42.195 ಕಿಲೋಮೀಟರ್ ದೂರವನ್ನು ಓಡಿ ಬಂದ ಸಂಗತಿ ನಿಮ್ಮಲ್ಲಿ ಬಹುಮಂದಿಗೆ ತಿಳಿದೇ ಇದೆ. ಐದು ಗಂಟೆ ನಲವತ್ತು ನಿಮಿಷ ಹಿಡಿಯಿತು. ನಿವೃತ್ತನಾದ ಮೇಲೆ ಓಟ ಕಲಿತ ನನ್ನಂಥವನಿಗೆ ಅದು ಹೆಮ್ಮೆಯ ವಿಷಯವೇ ಆಗಿತ್ತು. (ಕುಣಿಗಲ್ಲಿನ ನಮ್ಮ ಭಾವನವರು ಮಾತ್ರ ದೂರವಾಣಿಯಲ್ಲಿ “ಎಷ್ಟನೇ ಬಹುಮಾನ ಬಂತಪ್ಪಾ?” ಎಂದು ವಿಚಾರಿಸಿ, ಬಹುಮಾನವಿಲ್ಲವೆಂದು ತಿಳಿದಾಗ, “ಮತ್ತೆ ಅಷ್ಟು ದೂರ ಯಾತಕ್ಕೆ ಹೋದೆ?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.)

ನಿಮ್ಮಲ್ಲಿ ಹಲವರು ಈಗ ನಲವತ್ತು, ಐವತ್ತರ ಅಂಚಿನಲ್ಲಿದ್ದೀರಿ. ಬೆಂಗಳೂರಿನಲ್ಲಿ ನೆಲೆಸಿದವರು ಕೆಲವರು ನನ್ನಂತೆಯೇ ಓಟದ ಹುಚ್ಚು ಹತ್ತಿಸಿಕೊಂಡಿದ್ದೀರಿ. ಏಪ್ರಿಲ್ ಬಂದಾಗಿನಿಂದ ನಿಮ್ಮ ಕರೆಗಳಲ್ಲೆಲ್ಲ ಒಂದೇ ದೂರು: “ಸಾರ್, ಡಿಸೆಂಬರ್‌ನಲ್ಲಿ ಸಲೀಸಾಗಿ ಓಡುತ್ತಿದ್ದ ದೂರ ಈಗ ಅರ್ಧಕ್ಕೇ ಸಾಕೆನಿಸುತ್ತದೆ. ನಾನು ಸೋಮಾರಿಯಾದೆನೇನೋ. ಸ್ವಲ್ಪ ಛಲ ಹಿಡಿದು ಓಡಬೇಕೇನೋ.” ಈ ಬರಹ ಆ ಪ್ರಶ್ನೆಗೆ ನನ್ನ ಉತ್ತರ. ಬೇಸಗೆಯಲ್ಲಿ ದಯವಿಟ್ಟು ಛಲ ಹಿಡಿಯಬೇಡಿ. ಈ ಮಾತನ್ನು ಹೇಳುವ ಅರ್ಹತೆ ನನಗೆ ಬಂದದ್ದು ಎರಡು ತಪ್ಪುಗಳಿಂದ. ಒಂದು ಈಚಿನದು, ಅದನ್ನು ಹೇಳಲು ಸಂಕೋಚವಿಲ್ಲ. ಇನ್ನೊಂದು ಮೂವತ್ತು ವರ್ಷಗಳಿಗೂ ಹಿಂದಿನದು.

ಮೊದಲು ಈಚಿನದನ್ನು ಹೇಳುತ್ತೇನೆ. ಮ್ಯಾರಥಾನ್ ಓಡಿದ ಮೇಲೆ ಪ್ರತಿ ಮೈಲಿಗೆ ಒಂದು ದಿನದಂತೆ 26 ದಿನ ದೇಹಕ್ಕೆ ಬಿಡುವು ಕೊಡಬೇಕೆಂಬುದು ಓಟಗಾರರಲ್ಲಿ ಪ್ರಚಲಿತವಾದ ಮಾತು. ನಾನು ಬಿಡುವು ಕೊಟ್ಟೆ. ಆಮೇಲೆ ಬಂಧುಗಳ ಮದುವೆ, ಗೃಹಪ್ರವೇಶ, ಮೊಮ್ಮಗಳ ಪರೀಕ್ಷೆ ಎಂದು ಬಿಡುವು ತಾನಾಗಿಯೇ ಬೆಳೆಯಿತು. ಏಪ್ರಿಲ್ ಮೊದಲ ವಾರ ಕನ್ನಡಿಯ ಮುಂದೆ ನಿಂತಾಗ ಹೊಟ್ಟೆ ಕೊಂಚ ಮುಂದೆ ಬಂದಂತೆ ಕಂಡು, ಮರುದಿನವೇ ತುಮಕೂರಿನಿಂದ ಗುಬ್ಬಿಯವರೆಗೆ ಓಡಿ, ಚನ್ನಬಸವೇಶ್ವರ ಸ್ವಾಮಿಯ ದರ್ಶನ ಮಾಡಿ, ಬಸ್ಸಿನಲ್ಲಿ ಮರಳುವುದೆಂದು ಸಂಕಲ್ಪಿಸಿದೆ. ಸುಮಾರು 20 ಕಿಲೋಮೀಟರ್. ಗಣಿತದ ಮೇಷ್ಟ್ರಲ್ಲವೇ, 42ಕ್ಕಿಂತ 20 ಚಿಕ್ಕದೆಂಬ ಲೆಕ್ಕವಷ್ಟೇ ಹೊಳೆಯಿತು. ಸರಳದಿಂದ ಕಠಿಣದೆಡೆಗೆ ಸಾಗಬೇಕು, ಕಲಿಯುವವನ ಸಿದ್ಧತೆಯನ್ನು ಮೊದಲು ನೋಡಬೇಕು ಎಂದು ಥಾರ್ನ್‌ಡೈಕ್‌ನ ಹೆಸರು ಹೇಳಿ ಬಿ.ಎಡ್. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು ನಾನೇ!

ಹೊರಡುವಾಗ ಏಳು ಗಂಟೆಯಾಗಿತ್ತು. ಕೈಯಲ್ಲಿ ಅರ್ಧ ಲೀಟರ್ ನೀರು. ಗುಬ್ಬಿ ಗೇಟ್ ದಾಟಿ ಹೆಗ್ಗೆರೆಯವರೆಗೆ ಏನೂ ತೊಂದರೆಯಿಲ್ಲ. ಜನವರಿಯ ವೇಗವನ್ನೇ ಹಿಡಿದಿದ್ದೆ, ಕಿಲೋಮೀಟರಿಗೆ ಎಂಟು ನಿಮಿಷ. ಮಲ್ಲಸಂದ್ರದಲ್ಲಿ ಯಾರೋ ಪರಿಚಯಸ್ಥರು ಸ್ಕೂಟರ್ ನಿಲ್ಲಿಸಿ, “ಯಾರಾದ್ರೂ ಅಟ್ಟಿಸ್ಕಂಡ್ ಬರ್ತಾ ಅವ್ರಾ ಮೇಷ್ಟ್ರೇ?” ಎಂದು ನಗೆಯಾಡಿದರು. ನಾನೂ ನಕ್ಕೆ. ಆಗಲೇ ನೀರು ಮುಗಿದಿತ್ತು. ಅಲ್ಲಿಂದ ಮುಂದೆ ರಸ್ತೆಯ ಮೇಲೆ ನೆರಳೆಂಬುದೇ ಇಲ್ಲ. ತೆಂಗಿನ ತೋಟಗಳಿವೆ, ನಿಜ, ಆದರೆ ಅವುಗಳ ನೆರಳು ತೋಟದೊಳಗೇ ಬೀಳುತ್ತದೆ. ಒಂಬತ್ತು ದಾಟಿದ ಹೊತ್ತಿಗೆ ಆ ಬಿಸಿಲಲ್ಲಿ ಮೈಗೆ ಚಳಿ ಹತ್ತಿದಂತಾಗಿ ತೋಳಿನ ರೋಮಗಳು ನಿಮಿರಿದವು. ಗುಬ್ಬಿ ಇನ್ನೆಷ್ಟು ದೂರವೆಂದು ಲೆಕ್ಕ ಹಾಕಲು ಹೋದೆ. ಇಪ್ಪತ್ತರಲ್ಲಿ ಹದಿನೈದು ಕಳೆಯಬೇಕಿತ್ತು. ನನ್ನಿಂದ ಆಗಲಿಲ್ಲ. ಮೂರು ದಶಕ ಗಣಿತ-ವಿಜ್ಞಾನ ಕಲಿಸಿದವನಿಗೆ ಆ ಕಳೆಯುವ ಲೆಕ್ಕ ಬರಲಿಲ್ಲ. ಭಯವಾಗಬೇಕಾಗಿದ್ದ ಆ ಕ್ಷಣದಲ್ಲಿ ಭಯವೂ ಆಗಲಿಲ್ಲ. ಇನ್ನೂ ಓಡಬೇಕೆಂದೇ ಅನಿಸುತ್ತಿತ್ತು.

ರಸ್ತೆಯ ಪಕ್ಕದ ಮನೆಯೊಂದರ ಮುಂದೆ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸೊಬ್ಬರು ನನ್ನ ನಡಿಗೆಯ ವಾಲಾಟವನ್ನು ಕಂಡಿರಬೇಕು. “ಕೂತ್ಕಳಿ ಸ್ವಾಮಿ, ಮೊದ್ಲು ಕೂತ್ಕಳಿ” ಎಂದು ಕೈಹಿಡಿದು ಹೊಂಗೆ ಮರದ ಕೆಳಗೆ ಕೂರಿಸಿದರು. ನಾನು ಕುಡಿಯಲು ನೀರು ಕೇಳುವಷ್ಟರಲ್ಲಿ ಇಡೀ ಬಿಂದಿಗೆಯ ನೀರನ್ನು ನನ್ನ ನೆತ್ತಿ, ಕತ್ತು, ಬೆನ್ನಿನ ಮೇಲೆ ಸುರಿದರು. ಆಮೇಲೆ ಒಂದು ಚೊಂಬು ಉಪ್ಪು ಹಾಕಿದ ನೀರುಮಜ್ಜಿಗೆ. “ಈ ಬಿಸ್ಲಾಗೆ ನಾವು ದನಾನೇ ಮರದ ಕೆಳಗೆ ಕಟ್ಟಾಕ್ತೀವಿ, ನೀವೇನ್ ಸ್ವಾಮಿ ಹಿಂಗ್ ಓಡ್ಕಂಡ್ ಬಂದಿದೀರಿ” ಎಂದು ಗದರಿದರು. ಮುಕ್ಕಾಲು ಗಂಟೆಯ ಬಳಿಕ ಬಸ್ಸು ಹತ್ತಿ ತುಮಕೂರಿಗೆ ಮರಳಿದೆ. ಸ್ವಾಮಿಯ ದರ್ಶನವಾಗಲಿಲ್ಲ. ಮನೆಯಲ್ಲಿ ವಿಷಯ ತಿಳಿಸಿದ್ದು ಮೂರು ದಿನದ ತರುವಾಯ. ಆಗ ನನ್ನ ಶ್ರೀಮತಿಯವರಿಂದ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದು ಉಚಿತವಲ್ಲ.

ಬಿಸಿಲಿನಲ್ಲಿ ಓಡುವವನು ತಡವರಿಸಿದರೆ, ಅಸಂಬದ್ಧವಾಗಿ ಮಾತನಾಡಿದರೆ, ದೇಹದ ಒಳಗಿನ ತಾಪ 40 ಡಿಗ್ರಿಯ ಗಡಿಯನ್ನು ಸಮೀಪಿಸಿದೆ ಅಥವಾ ದಾಟಿದೆ ಎಂದು ಭಾವಿಸಬೇಕೆಂದು ವೈದ್ಯರು ಹೇಳುತ್ತಾರೆ. ಆಗ ಮೊದಲು ಮಾಡಬೇಕಾದುದು ಮೈಯನ್ನು ತಣಿಸುವುದು. ನೆರಳಿಗೆ ತಂದು, ಸಿಕ್ಕಷ್ಟು ತಣ್ಣೀರು ಸುರಿಯುತ್ತ 108ಕ್ಕೆ ಕರೆ ಮಾಡಬೇಕು. ವಾಹನ ಬರಲೆಂದು ಕಾಯುತ್ತ ಬಿಸಿಲಲ್ಲೇ ಮಲಗಿಸಿದರೆ ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹುಯ್ಯಬಾರದು. ಆ ತಾಯಿ ಯಾವ ಪುಸ್ತಕ ಓದಿದ್ದರೋ ಅರಿಯೆ, ಪುಸ್ತಕದಲ್ಲಿರುವುದನ್ನೇ ಮಾಡಿದರು.

ಇನ್ನು ಸೋಮಾರಿತನದ ವಿಚಾರ. ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಮಡಕೆಯ ಪಾಠ ನೆನಪಿರಬೇಕು. ಮಣ್ಣಿನ ಮಡಕೆಯ ನೀರು ಬೇಸಗೆಯಲ್ಲಿ ಏಕೆ ತಣ್ಣಗಿರುತ್ತದೆ? ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಬೇಕಾದ ಗುಪ್ತೋಷ್ಣವನ್ನು ಮಡಕೆಯಿಂದಲೇ ಹೀರಿಕೊಳ್ಳುತ್ತದೆ. ಎರಡು ಅಂಕದ ಪ್ರಶ್ನೆ. ಮನುಷ್ಯನ ಮೈಯೂ ಅಂಥದೇ ಮಡಕೆಯೆಂಬುದನ್ನು ನಾನು ಪಾಠದಲ್ಲಿ ಹೇಳುತ್ತಿದ್ದೆ, ಆದರೆ ತಿಳಿದಿರಲಿಲ್ಲ. ಲೆಕ್ಕ ಮಾಡಿ ನೋಡೋಣ. 60 ಕಿಲೋ ತೂಕದ ಮನುಷ್ಯ ಒಂದು ಕಿಲೋಮೀಟರ್ ಓಡಿದರೆ ಸುಮಾರು 60 ಕಿಲೋ ಕ್ಯಾಲೊರಿ ಖರ್ಚಾಗುತ್ತದೆ. 20 ಕಿಲೋಮೀಟರಿಗೆ 1,200. ಸ್ನಾಯುಗಳು ಇದರಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಚಲನೆಗೆ ಬಳಸುತ್ತವೆ, ಉಳಿದ 900 ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಹೊತ್ತೊಯ್ಯುವ ಶಾಖ ಸುಮಾರು 580 ಕಿಲೋ ಕ್ಯಾಲೊರಿ. ತಂಪು ಹವೆಯಲ್ಲಾದರೆ ಗಾಳಿಯೇ ಬಹುಪಾಲು ಶಾಖವನ್ನು ಒಯ್ಯುತ್ತದೆ. ಬಿಸಿಲಿನಲ್ಲಿ ಭಾರವೆಲ್ಲ ಬೆವರಿನದೇ, ಹತ್ತಿರ ಹತ್ತಿರ ಒಂದೂವರೆ ಲೀಟರ್ ಆವಿಯಾಗಬೇಕು. ಕೆಳಗೆ ತೊಟ್ಟಿಕ್ಕಿದ್ದು ಲೆಕ್ಕಕ್ಕಿಲ್ಲ. ನಾನು ಹಿಡಿದು ಹೊರಟದ್ದು ಅರ್ಧ ಲೀಟರ್ ನೀರು!

ಕರಾವಳಿಯವರಿಗೆ ಬೆವರು ಸುರಿಯುವುದಾದರೂ ಕಾಣಿಸುತ್ತದೆ. ನಮ್ಮ ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಒಣ ಬಯಲುಸೀಮೆ. ಇಲ್ಲಿ ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ. ಮನೆಗೆ ಬಂದು ಅಂಗಿ ಕಳಚಿದಾಗ ಬೆನ್ನಿನ ಮೇಲೆ ಉಪ್ಪಿನ ಬಿಳಿಯ ನಕ್ಷೆ ಮೂಡಿರುವುದನ್ನು ನೋಡಿದರೇ ತಿಳಿಯುವುದು. ಜೊತೆಗೆ ಇನ್ನೊಂದು ಕಷ್ಟವಿದೆ. ರಕ್ತ ಒಂದೇ, ಬೇಡುವವರು ಇಬ್ಬರು: ಓಡುತ್ತಿರುವ ಸ್ನಾಯುಗಳೂ, ತಣಿಯಬೇಕಾದ ಚರ್ಮವೂ. ಆದ್ದರಿಂದ ಅದೇ ವೇಗಕ್ಕೆ ಹೃದಯ ಹೆಚ್ಚು ಬಾರಿ ಬಡಿಯಬೇಕಾಗುತ್ತದೆ. ಜನವರಿಯ ಎಂಟು ನಿಮಿಷವೂ ಏಪ್ರಿಲ್ಲಿನ ಎಂಟು ನಿಮಿಷವೂ ಗಡಿಯಾರದಲ್ಲಿ ಒಂದೇ, ದೇಹಕ್ಕೆ ಬೇರೆ ಬೇರೆ. ನಿಧಾನವಾದದ್ದಕ್ಕೆ ನೀವು ನಾಚಬೇಕಾಗಿಲ್ಲ.

ದೇಹ ಸೆಕೆಗೆ ಹೊಂದಿಕೊಳ್ಳುತ್ತದೆ ಎಂಬುದು ಸಂತೋಷದ ಸಂಗತಿ. ದಿನವೂ ಸ್ವಲ್ಪ ಸ್ವಲ್ಪ ಸೆಕೆಯಲ್ಲಿ ಶ್ರಮಿಸಿದರೆ ಹತ್ತು ಹದಿನಾಲ್ಕು ದಿನಗಳಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆದರೆ ವಾರವೆಲ್ಲ ಹವಾನಿಯಂತ್ರಿತ ಕಚೇರಿಯಲ್ಲಿದ್ದು ಭಾನುವಾರ ಒಮ್ಮೆಲೇ 25 ಕಿಲೋಮೀಟರ್ ಓಡಹೊರಡುವವರಿಗೆ ಈ ಅನುಕೂಲ ದೊರೆಯದು. ನನ್ನ ವಯಸ್ಸಿನವರಿಗೆ ಬಾಯಾರಿಕೆಯ ಸೂಚನೆಯೇ ತಡವಾಗಿ ಬರುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಂತೂ ವೈದ್ಯರನ್ನು ಕೇಳದೆ ಬೇಸಗೆಯಲ್ಲಿ ದೂರ ಓಡಲೇಬಾರದು. ಹಾಗೆಂದು ಹೆದರಿ ಕೊಡಗಟ್ಟಲೆ ಬರಿಯ ನೀರು ಕುಡಿಯುವುದೂ ಅಪಾಯವೇ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇಕಡಾ 13ರಷ್ಟು ಜನರಲ್ಲಿ ಸೋಡಿಯಂ ಮಟ್ಟ ಕುಸಿದಿತ್ತು. ಬಹುಮಟ್ಟಿಗೆ ಅತಿಯಾಗಿ ಕುಡಿದದ್ದರ ಫಲ. ಉಪ್ಪು ಬೆರೆಸಿದ ನೀರುಮಜ್ಜಿಗೆ, ರಾಗಿ ಅಂಬಲಿ ನಮ್ಮ ಸೀಮೆಯ ಹೊಲಗಳಿಗೆ ಏಕೆ ಹೋಗುತ್ತಿದ್ದವೆಂಬುದು ನನಗೆ ಈಗ ಅರ್ಥವಾಗುತ್ತಿದೆ.

ಇದನ್ನೆಲ್ಲ ಓದಿ ತಿಳಿದುಕೊಳ್ಳುತ್ತಿದ್ದ ದಿನಗಳಲ್ಲಿಯೇ ಹಳೆಯ ತಪ್ಪು ನೆನಪಿಗೆ ಬಂದದ್ದು. ಬಂದದ್ದು ಎನ್ನುವುದೂ ಸರಿಯಲ್ಲ, ಅದು ಅಲ್ಲೇ ಇತ್ತು.

1992ರ ಫೆಬ್ರವರಿ ಕೊನೆಯ ವಾರ. ಗುಬ್ಬಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ವಾರ್ಷಿಕ ಕ್ರೀಡಾಕೂಟದ 3,000 ಮೀಟರ್ ಓಟ, ಮಧ್ಯಾಹ್ನ ಎರಡು ಗಂಟೆಗೆ. ಇನ್ನೂರು ಮೀಟರಿನ ಸುತ್ತು, ಹದಿನೈದು ಸುತ್ತು. ಸುತ್ತುಗಳನ್ನು ಎಣಿಸುವ ಹೊಣೆ ನನ್ನದು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹತ್ತನೆಯ ಸುತ್ತಿನಲ್ಲಿ ನನ್ನ ಮೇಜಿನ ಬಳಿ ನಿಂತು, “ನೀರು ಸಾರ್” ಎಂದ. ಹೂಜಿ ನನ್ನ ಮೇಜಿನ ಮೇಲೆಯೇ ಇತ್ತು. ಅದೂ ಮಣ್ಣಿನದು. ಓಡುವಾಗ ನೀರು ಕುಡಿಯಬಾರದು, ಕುಡಿದರೆ ಪಕ್ಕೆ ಹಿಡಿಯುತ್ತದೆ ಎಂದು ನಾವೆಲ್ಲ ನಂಬಿದ್ದ ಕಾಲ ಅದು. ನಂಬಿಕೆಯಷ್ಟೇ ಆಗಿದ್ದರೆ ಇಂದು ಇಷ್ಟು ವ್ಯಥೆಯಾಗುತ್ತಿರಲಿಲ್ಲ. “ಗಂಡುಮಗನಾದರೆ ಓಟ ಮುಗಿಸಿ ಬಂದು ಕುಡಿ” ಎಂದೆ, ಎಲ್ಲರಿಗೂ ಕೇಳಿಸುವಂತೆ. ಸುತ್ತ ಇದ್ದವರು ನಕ್ಕರು. ಅವನು ಮತ್ತೆ ಓಡಿದ. ಹದಿಮೂರನೆಯ ಸುತ್ತಿನಲ್ಲಿ ಬಿದ್ದ.

ಹೊತ್ತು ತಂದು ನೆರಳಿನಲ್ಲಿ ಮಲಗಿಸಿದೆವು. ಯಾರೋ ಕೈಗೆ ಕಬ್ಬಿಣದ ಬೀಗದ ಕೈ ಕೊಡಿರೆಂದರು, ಯಾರೋ ಈರುಳ್ಳಿ ಮೂಸಿಸಿದರು. ದೇವರ ದಯೆ, ಸಂಜೆಯ ವೇಳೆಗೆ ಎದ್ದು ಕುಳಿತ. ನಾಲ್ಕು ಕಿಲೋಮೀಟರ್ ನಡೆದು ಶಾಲೆಗೆ ಬರುತ್ತಿದ್ದ ಹುಡುಗ ಅಂದು ಬೆಳಿಗ್ಗೆ ಏನೂ ಉಂಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಮರುದಿನ ಅವನ ತಂದೆ ಶಾಲೆಗೆ ಬಂದರು. ಬೈಯುತ್ತಾರೆಂದುಕೊಂಡೆ. ಅವರು ಟವಲನ್ನು ಹೆಗಲಿನಿಂದ ಇಳಿಸಿ, ಕೈಮುಗಿದು, “ನನ್ ಮಗ ಓಟ ಮುಗಿಸ್ನಿಲ್ಲ, ಸ್ಕೂಲ್ ಮಾನ ಕಳದ್ಬುಟ್ಟ, ತಪ್ಪಾಯ್ತು ಮೇಷ್ಟ್ರೇ” ಎಂದರು. ನಾನು, “ಇರಲಿ ಬಿಡಿ” ಎಂದೆ. ಕ್ಷಮಿಸುವವನು ನಾನು ಎಂಬಂತೆ!

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನು ಇದನ್ನು ಓದುತ್ತಿದ್ದರೆ ಅವನಿಗೆ ತಿಳಿಯುತ್ತದೆ. ತಪ್ಪು ನನ್ನದಪ್ಪಾ. ಅಂದೇ, ನಿನ್ನ ತಂದೆಯವರ ಎದುರಿಗೇ ಹೇಳಬೇಕಾಗಿತ್ತು.

ನೀರಿಲ್ಲದೆ ಓಡುವುದು ಪೌರುಷ, ನಡುವೆ ನಿಲ್ಲುವುದು ಅವಮಾನ ಎಂಬ ಈ ಭಾವನೆ ನಮ್ಮೊಬ್ಬರದೇ ಅಲ್ಲ. 1912ರ ಜುಲೈ 14ರಂದು ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಸುಡುಬಿಸಿಲಿನಲ್ಲಿ ನಡೆಯಿತು. ಓಡಲಾರಂಭಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಮುಗಿಸಿದರು. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜರೊ ಎಂಬ ಯುವಕ ಬಿಸಿಲಿನಿಂದ ರಕ್ಷಣೆಯೆಂದು ಮೈಗೆ ಮೇಣದಂಥ ಲೇಪ ಬಳಿದುಕೊಂಡಿದ್ದನಂತೆ. ಮಡಕೆಗೆ ಬಣ್ಣ ಬಳಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ದಾರಿಯಲ್ಲಿ ಕುಸಿದ ಅವನು ಮರುದಿನ ತೀರಿಕೊಂಡ. ಅದೇ ಓಟದಲ್ಲಿ ಜಪಾನಿನ ಶಿಜೊ ಕನಕುರಿ ಬಳಲಿ, ದಾರಿಬದಿಯ ತೋಟದಲ್ಲಿದ್ದವರ ಆತಿಥ್ಯ ಸ್ವೀಕರಿಸಿ, ದಣಿವಾರಿಸಿಕೊಂಡು, ನಾಚಿಕೆಯಿಂದ ಯಾರಿಗೂ ಹೇಳದೆ ಊರಿಗೆ ಮರಳಿಬಿಟ್ಟರು. ಸ್ವೀಡನ್ನಿನಲ್ಲಿ ಅವರು ಕಾಣೆಯಾದರೆಂದೇ ದಾಖಲಾಗಿತ್ತಂತೆ. 1967ರಲ್ಲಿ ಅವರನ್ನು ಸ್ವೀಡನ್ನಿಗೆ ಕರೆಸಿ ಓಟವನ್ನು ಮುಗಿಸಿಸಿದರು. ಕಾಲ: 54 ವರ್ಷ, 8 ತಿಂಗಳು, 6 ದಿನ, ಮೇಲೆ ಐದೂವರೆ ಗಂಟೆ! ಆಗ ಅವರಿಗೆ 75 ವರ್ಷ. ಬದುಕಿದ್ದು 1983ರವರೆಗೆ. ನಿಂತು ನೀರು ಕುಡಿದವನಿಗೆ ಓಟ ಮುಗಿಸಲು ಎಷ್ಟು ವರ್ಷ ಉಳಿಯಿತು ನೋಡಿ.

ಇದು ಹಳೆಯ ಕಥೆ ಎನ್ನುವಿರಾದರೆ, 2024ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೇಬಲ್ ನೇಮಕಾತಿಯ 10 ಕಿಲೋಮೀಟರ್ ಓಟದ ಪರೀಕ್ಷೆಗಳಲ್ಲಿ ಹತ್ತಕ್ಕೂ ಹೆಚ್ಚು ಯುವಕರು ಪ್ರಾಣ ಕಳೆದುಕೊಂಡರು. ಕಾರಣಗಳ ಬಗ್ಗೆ ವಾದವಿವಾದಗಳಾದವು. ಆದರೆ ತರುವಾಯ ಅಲ್ಲಿನ ಸರ್ಕಾರ ಮೊದಲು ಮಾಡಿದ್ದು ಪರೀಕ್ಷೆಯನ್ನು ಕೆಲವು ದಿನ ನಿಲ್ಲಿಸಿ, ಬೆಳಿಗ್ಗೆ ಒಂಬತ್ತರ ನಂತರ ಯಾರನ್ನೂ ಓಡಿಸಬಾರದೆಂದದ್ದು. ಕೆಲಸ ಬೇಕಾಗಿದ್ದ ಹುಡುಗ ನಡುವೆ ನಿಂತು ನೀರು ಕೇಳುತ್ತಾನೆಯೇ? ಅವನ ಪರವಾಗಿ ಓಡಿಸುವವರೇ ಯೋಚಿಸಬೇಕಾಗಿತ್ತು. 2019ರಲ್ಲಿ ದೋಹಾದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮಹಿಳೆಯರ ಮ್ಯಾರಥಾನನ್ನು ಸೆಕೆಗೆ ಹೆದರಿ ನಡುರಾತ್ರಿಯಲ್ಲಿ ಓಡಿಸಿದರು. ಆದರೂ 68 ಮಂದಿಯಲ್ಲಿ 28 ಜನ ಮುಗಿಸಲಾಗಲಿಲ್ಲ. ಅವರು ಜಗತ್ತಿನ ಶ್ರೇಷ್ಠ ಓಟಗಾರ್ತಿಯರು.

ನಮ್ಮ ಊರುಗಳಲ್ಲಿ? ಆರು ಗಂಟೆಗೆಂದು ಕರೆದು, ಮುಖ್ಯ ಅತಿಥಿಗಳು ಏಳೂವರೆಗೆ ದಯಮಾಡಿಸಿ, ಸ್ವಾಗತ, ಹಾರ, ನಾಲ್ವರ ಭಾಷಣಗಳು ಮುಗಿದು, ಎಂಟು ಗಂಟೆಗೆ ಬಾವುಟ ಬೀಸುವ ‘ಜಾಗೃತಿ ಓಟ’ಗಳನ್ನು ನಾನೇ ಕಂಡಿದ್ದೇನೆ. ಶಾಲಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ, ಅತಿಥಿಗಳಿಗೆ ಶಾಮಿಯಾನವಿರುತ್ತದೆ. ನನ್ನ ಅಭಿಮತ ಇಷ್ಟೇ: ಫೆಬ್ರವರಿಯಿಂದ ಮೇ ಕೊನೆಯವರೆಗೆ ನಮ್ಮ ಜಿಲ್ಲೆಯಲ್ಲಿ ಮಕ್ಕಳನ್ನಾಗಲಿ ಅಭ್ಯರ್ಥಿಗಳನ್ನಾಗಲಿ ಬೆಳಿಗ್ಗೆ ಎಂಟರ ಮೇಲೆ, ಸಂಜೆ ಐದರ ಒಳಗೆ ಓಡಿಸಕೂಡದು. ಅತಿಥಿಗಳು ತಡವಾದರೆ ಅವರಿಲ್ಲದೆ ಬಾವುಟ ಬೀಸಬೇಕು. ನಿಮ್ಮಲ್ಲಿ ಶಿಕ್ಷಕರಾದವರು ಹನ್ನೊಂದು ಮಂದಿ ಇದ್ದೀರಿ, ನಾನು ಎಣಿಸಿದ್ದೇನೆ. ನಿಮಗೆ ಇದು ಮೇಷ್ಟ್ರ ಆಜ್ಞೆಯೆಂದೇ ತಿಳಿಯಿರಿ.

ಬಾಲ್ಯದಲ್ಲಿ ಬೇಸಗೆ ರಜೆಗೆ ಕುಣಿಗಲ್ಲಿನ ಅಕ್ಕನ ಮನೆಗೆ ಹೋದಾಗ, ಟಿಪ್ಪೂ ಸುಲ್ತಾನನ ಕಾಲದಿಂದ ಹೆಸರಾದ ಅಲ್ಲಿನ ಕುದುರೆ ಫಾರಮ್ಮಿನ ಬೇಲಿಯ ಹೊರಗೆ ನಿಂತು ನೋಡುತ್ತಿದ್ದೆವು. ಮುಂಜಾವಿನಲ್ಲಿ ಕುದುರೆಗಳನ್ನು ಅಡ್ಡಾಡಿಸುವರು. ಬಿಸಿಲೇರಿತೆಂದರೆ ಒಂದೂ ಕಾಣದು, ಎಲ್ಲವೂ ನೆರಳಿನಲ್ಲಿ. ಮೈಯೆಲ್ಲ ಬೆವರಿ ತಣಿಯುವ ಪ್ರಾಣಿಗಳಲ್ಲಿ ಮನುಷ್ಯನ ಜೊತೆಗೆ ಕುದುರೆಯೂ ಒಂದು. ಅವುಗಳ ಬೆಲೆ ಎಷ್ಟೆಂಬುದು ಸಾಕುವವರಿಗೆ ಗೊತ್ತಿತ್ತು.

ನಾನು ಓಟ ಬಿಟ್ಟಿಲ್ಲ. ಒಂದು ವಾರ ಸುಮ್ಮನಿದ್ದು, ಆಮೇಲೆ ಇಪ್ಪತ್ತು ನಿಮಿಷದಿಂದ ಹೊಸದಾಗಿ ಆರಂಭಿಸಿದೆ. ದೂರವನ್ನು ಅಳೆಯುವುದಿಲ್ಲ, ಹೊತ್ತನ್ನಷ್ಟೇ ನೋಡುತ್ತೇನೆ. ಪಕ್ಕದವರೊಡನೆ ಪೂರ್ಣ ವಾಕ್ಯ ಮಾತನಾಡಲಾಗದಿದ್ದರೆ ನಡೆಯುತ್ತೇನೆ. ಐದಕ್ಕೆ ಹೊರಟು ಏಳರೊಳಗೆ ಮನೆ ಸೇರುತ್ತೇನೆ. ಭಾನುವಾರ ಸ್ನೇಹಿತರೊಬ್ಬರ ಕಾರಿನಲ್ಲಿ ನಾಮದ ಚಿಲುಮೆಯವರೆಗೆ ಹೋಗಿ ದೇವರಾಯನದುರ್ಗದ ಕಾಡಿನ ನೆರಳಿನಲ್ಲಿ ಓಟ. ಮೇ ಮೂರನೆಯ ವಾರದ ಹೊತ್ತಿಗೆ ಎರಡು ಗಂಟೆ ತಲುಪಿದೆ. ವೇಗ ಕೇಳಬೇಡಿ.

ಮೊನ್ನೆ ಒಂದು ಚಿಪ್ಪು ಬಾಳೆಹಣ್ಣು, ಒಂದು ಸೀರೆ ಕಟ್ಟಿಸಿಕೊಂಡು ಗುಬ್ಬಿ ರಸ್ತೆಯ ಆ ಮನೆಗೆ ಹೋಗಿದ್ದೆವು. ನನ್ನ ಶ್ರೀಮತಿಯವರೂ ಜೊತೆಗಿದ್ದರು. ಆ ತಾಯಿ ಮೊದಲು ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಇವತ್ತೂ ಓಡ್ಕಂಡೇ ಬಂದ್ರಾ ಸ್ವಾಮಿ?” ಎಂದು ಕೇಳಿದರು.

ಬಸ್ಸಿನಲ್ಲಿ ಬಂದೆವಮ್ಮ ಎಂದೆ. ಹೊಂಗೆ ಮರದ ಕೆಳಗೆ ಚಾಪೆ ಹಾಸಿ, ಒಳಗಿನಿಂದ ಮಜ್ಜಿಗೆ ತಂದರು.